ಒಳಜೇಬು

"ಈ ಅಂಗಿಗೆ ಜೇಬು ಎಲ್ಲಿಂದ ಬಂತು?"

ಮಗಳು ಕೇಳಿದ್ದು ಯಾರನ್ನೂ ಅಲ್ಲ. ಹಲಗೆಯ ಮೇಲೆ ಮಲಗಿಸಿದ್ದ ಅಪ್ಪನ ಹೆಣದ ಎಡಗೈಯನ್ನು ಅಂಗಿಯ ತೋಳಿಗೆ ತೂರಿಸುತ್ತಿದ್ದಳು. ಅಂಗಿಯ ಎದೆಯ ಒಳಮಗ್ಗುಲಲ್ಲಿ ಗಟ್ಟಿಯಾದದ್ದೇನೋ ಬೆರಳಿಗೆ ತಗುಲಿತು.

ಸತ್ತ ತನ್ನಣ್ಣನ ತಲೆ ಬಾಚುತ್ತಿದ್ದ ಸೋದರತ್ತೆ ನಕ್ಕುಬಿಟ್ಟಳು. "ನಮ್ಮಣ್ಣನ ಅಂಗಿಗೆ ಜೇಬಾ? ಜೇಬಿಲ್ಲದ ಟೈಲರ್ ಅಂತಲೇ ಹೆಸರು ಅವನಿಗೆ. ಕೈ ಎಲ್ಲಿಡೋದು ಅಂತ ತಿಳೀದೆ ಬದುಕೆಲ್ಲ ಬೆನ್ನ ಹಿಂದೆ ಕಟ್ಕೊಂಡು ಓಡಾಡಿದ. ಬೇಗ ಹಾಕು, ಕೈ ಸೆಟೆದುಕೊಳ್ತಾ ಇದೆ."

ಮುಂದಿನ ಕೋಣೆಯಲ್ಲಿ ಚರ್ಚಿನ ಸಭೆಯವರು ಬೆಂಚು ಎಳೆಯುವ ಸದ್ದು. ಸಾಯುವಾಗ ಮೈಮೇಲಿದ್ದ ಅಂಗಿಯನ್ನೇ ಸ್ನಾನವಾದ ಮೇಲೆ ಮತ್ತೆ ತೊಡಿಸಿ ಎಂದಿದ್ದರು ಪಾದ್ರಿ. ಪೆಟ್ಟಿಗೆ ಮುಚ್ಚುವ ಮುಂಚೆ ಎಲ್ಲರೂ ಆ ಜೇಬಿಲ್ಲದ ಅಂಗಿಯನ್ನು ನೋಡಬೇಕು. ಅವರ ಇವತ್ತಿನ ಉಪದೇಶವೂ ಅದರ ಮೇಲೆಯೇ.

*

ಮಗಳಿಗಾಗ ಒಂಬತ್ತು ವರ್ಷ, ತಾಯಿ ಇರಲಿಲ್ಲ. ಅಂಗಡಿಗೆ ಗಿರಾಕಿ ಬಂದು ತಿಂಗಳಾಗಿತ್ತು. ಒಂದು ಭಾನುವಾರ ಅಪ್ಪ ಆರಾಧನೆ ಮುಗಿಸಿ ಬಂದವನೇ ಬ್ಲೇಡ್ ಹಿಡಿದು ಕೂತ. ಬಿತ್ತದೆ, ಕೊಯ್ಯದೆ, ಕಣಜ ತುಂಬಿಕೊಳ್ಳದೆ ಹಾರಾಡುವ ಹಕ್ಕಿಗಳನ್ನೂ ಪರಲೋಕದ ತಂದೆ ಸಾಕುತ್ತಾನೆಂಬ ಬೈಬಲಿನ ವಾಕ್ಯ ಅಂದು ಅವನ ಎದೆಗೆ ನಾಟಿತ್ತು.

"ಹಕ್ಕಿಗೆ ಜೇಬಿದೆಯೇನೆ?" ಎನ್ನುತ್ತಾ ಮನೆಯ ಬಟ್ಟೆಗಳ ಜೇಬುಗಳನ್ನೆಲ್ಲ ಬಿಚ್ಚಿಹಾಕಿದ. ಅವಳ ಸ್ಕೂಲಿನ ಅಂಗಿಯ ನೀಲಿ ಚೌಕಳಿ ಜೇಬನ್ನೂ ಬಿಡಲಿಲ್ಲ.

ಅಂದಿನಿಂದ ಖಾಲಿ ತಟ್ಟೆಯ ಮುಂದೆ ಕೂತು ಆ ವಾಕ್ಯವನ್ನು ಬಾಯಿಪಾಠ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಕೆಲವು ದಿನ ಬ್ರೆಡ್ ಇರುತ್ತಿತ್ತು. ಕೆಲವು ದಿನ ವಾಕ್ಯವಷ್ಟೇ.

ಒಮ್ಮೆ ಅವಳು ಲಂಗದ ಅಂಚು ಬಿಚ್ಚಿ, ಅರ್ಧ ತುಂಡು ಬ್ರೆಡ್ ಒಳಗಿಟ್ಟು ಮತ್ತೆ ಹೊಲಿದಳು. ಸೂಜಿ ಹಿಡಿಯಲು ಕಲಿತು ವಾರವಾಗಿತ್ತಷ್ಟೆ. ಸೊಟ್ಟ ಹೊಲಿಗೆ ಅಪ್ಪನ ಕಣ್ಣಿಗೆ ಬಿತ್ತು. ಮನೆಯಲ್ಲಿ ಅವನು ಒಂದು ಮಾತೂ ಬೈಯಲಿಲ್ಲ. ಮುಂದಿನ ಭಾನುವಾರ ಸಭೆಯ ಮುಂದೆ ನಿಲ್ಲಿಸಿ ಕೈಗೆ ಬ್ಲೇಡ್ ಕೊಟ್ಟ.

"ಬಿಚ್ಚು. ದೇವರ ಮೇಲೆ ನಿನಗೆಷ್ಟು ನಂಬಿಕೆ ಅಂತ ಎಲ್ಲರೂ ನೋಡ್ಲಿ."

ಬೂಸ್ಟು ಹಿಡಿದ ಬ್ರೆಡ್ ನೆಲಕ್ಕೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಗಿನ್ನೂ ಎಳೆಯರಾಗಿದ್ದ ಪಾದ್ರಿ "ಆಮೆನ್" ಎಂದರು.

*

ಮಗಳು ಅಂಗಿಯನ್ನು ಕಳಚಿ ಒಳಗು ಮೇಲೆ ಮಾಡಿದಳು. ನೀಲಿ ಚೌಕಳಿ. ಬಣ್ಣ ಅರ್ಧ ಹೋಗಿತ್ತು. ಅಂಚಿನುದ್ದಕ್ಕೂ ಹಳೆಯ ಸೂಜಿತೂತುಗಳು, ಸಾಲಿನ ಮೇಲೆ ಸಾಲು. ಒಂದು ಅಂಗಿ ಹರಿದಾಗ ಬಿಚ್ಚಿ, ಮುಂದಿನದಕ್ಕೆ ಹಚ್ಚಿ, ಅದೂ ಹರಿದಾಗ ಮತ್ತೆ ಬಿಚ್ಚಿ. ಮೂವತ್ತು ವರ್ಷ. ಒಳಗೆ ಕಾಗದದಲ್ಲಿ ಸುತ್ತಿದ ಒಂದು ತುಂಡು ಬ್ರೆಡ್, ಒಂದು ಮೂಲೆ ಕಚ್ಚಿದ್ದು.

"ಇದು ನಿನ್ನ ಸ್ಕೂಲಿನ..." ಅತ್ತೆಯ ಬಾಚಣಿಗೆ ನಿಂತಿತು.

ಮಗಳು ಬ್ರೆಡ್ಡನ್ನು ಇದ್ದಲ್ಲೇ ಇಟ್ಟಳು. ಅಂಗಿಯನ್ನು ತಿರುಗಿಸಲಿಲ್ಲ. ಒಳಗು ಹೊರಗಾಗಿಯೇ ತೊಡಿಸಿ, ಗುಂಡಿಗಳನ್ನು ತಡಕಿ ತಡಕಿ ಹಾಕಿದಳು. ನೀಲಿ ಜೇಬು ಎದೆಯ ಮೇಲೆ ಉಬ್ಬಿ ನಿಂತಿತು.

"ಆಯ್ತೇನಮ್ಮ? ಎಲ್ಲ ಕಾಯ್ತಿದ್ದಾರೆ," ಎಂದು ಒಳಬಂದ ಪಾದ್ರಿ ಅದನ್ನು ನೋಡಿದರು. ಬಾಗಿಲನ್ನು ಹಿಂದಕ್ಕೆ ದೂಡಿ ಮುಚ್ಚಿದರು.

"ನಿಮ್ಮಪ್ಪನನ್ನ ನೋಡಿ ಎಷ್ಟು ಜನ ನಂಬೋದು ಕಲ್ತಿದ್ದಾರೆ, ಗೊತ್ತಾ ನಿನಗೆ? ಸತ್ತವರ ಮಾನ ತೆಗೀಬಾರದು, ಮಗಳೇ. ಆ ಜೇಬು ಬಿಚ್ಚಿಬಿಡು. ನೀನೂ ಟೈಲರೇ ಅಲ್ವಾ, ಎರಡು ನಿಮಿಷದ ಕೆಲಸ."

ಮೇಜಿನ ಮೇಲಿದ್ದ ಬ್ಲೇಡನ್ನು ಅವಳತ್ತ ಸರಿಸಿದರು.

"ಬಿಚ್ಚಲ್ಲ, ಅಯ್ಯನವರೇ," ಎಂದಳು ಮಗಳು. "ಬಾಗಿಲು ತೆಗೀರಿ."