ಐದನೇ ನಂಬರಿನ ಭಾವ

ನನ್ನ ಅಕ್ಕನಿಗೆ ಮದುವೆಯಾಗಿಲ್ಲ. ಆದರೂ ನನಗೊಬ್ಬ ಭಾವನಿದ್ದಾನೆ. ಅವಳ ಹಳೆಯ ಕಂಪ್ಯೂಟರಿನೊಳಗಿನ ಒಂದು ಕಾರ್ಡು ಅವನು. ತೆರೆಯ ಮೇಲಿನ ಅಕ್ಷರಗಳನ್ನೆಲ್ಲ, ಮೂಗಿನಲ್ಲಿ ಮಾತಾಡುವ ಗಂಡಸಿನ ದನಿಯಲ್ಲಿ ಓದಿ ಹೇಳುತ್ತಾನೆ. ಹನ್ನೆರಡನೇ ವಯಸ್ಸಿಗೇ ಅಕ್ಕನ ಕಣ್ಣು ಹೋಯಿತು. ಕಚೇರಿಯವರು ಕಳಿಸುವ ಧ್ವನಿಮುದ್ರಣ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಅದನ್ನು ಓದಿ ಒಪ್ಪಿಸುವುದು ಇವನ ಕೆಲಸ. ಇಪ್ಪತ್ತು ವರ್ಷದಿಂದ ಜಗಳವಿಲ್ಲದ ಸಂಸಾರ. ಭಾವ ಎಂದು ಹೆಸರಿಟ್ಟವನು ನಾನೇ.

ಆ ಭಾವ ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ.

"ಹಳೇ ಕಾರ್ಡು, ಸತ್ತುಹೋಗಿದೆ ಅಕ್ಕಾ. ಹೊಸ ಕಂಪ್ಯೂಟರ್ ತರ್ತೀನಿ, ಅದರಲ್ಲಿ ಹತ್ತು ಥರ ದನಿ ಇದೆ," ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದೆ. ರಿಪೇರಿ ನನ್ನ ಕಸುಬು. ಬೇರೆಯವರ ಎಡವಟ್ಟು ಕಂಡರೆ ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನಿಂದ ಎಡವಟ್ಟಾಗುವುದುಂಟೇ ಎಂಬ ಜಂಬ ಬೇರೆ.

"ಹತ್ತು ದನಿ ಇಟ್ಕೊಂಡು ನಾನೇನೋ ಮಾಡ್ಲಿ? ಒಂದ್ಸಲ ಬಿಚ್ಚಿ ನೋಡು," ಎಂದಿದ್ದಳು.

ಮಧ್ಯಾಹ್ನ ಹೋದೆ. ಹೊಸ ಕಂಪ್ಯೂಟರಿನ ಪೆಟ್ಟಿಗೆಯನ್ನು ಬಾಗಿಲ ಬಳಿಯೇ ಇಟ್ಟೆ. ಪರದೆಯ ಸಂದಿನಿಂದ ಬಂದ ಬಿಸಿಲು ನೆಲದ ಮೇಲೆ ಅಡ್ಡಾಗಿತ್ತು. ಮುಚ್ಚಳ ತೆಗೆದೊಡನೆ ಎದ್ದ ಧೂಳು, ಕೆಳಗಿಳಿಯಲು ಮನಸ್ಸಿಲ್ಲದೆ ಬೆಳಕಿನಲ್ಲೇ ಸುತ್ತಾಡಿತು. ಮನೆಯೇ ಅರೆನಿದ್ದೆಯಲ್ಲಿತ್ತು.

"ಕಣ್ಣು ಹೋದಾಗ್ಲೂ ಇಷ್ಟು ಕತ್ತಲೆ ಅನ್ನಿಸಿರಲಿಲ್ಲ ಕಣೋ," ಎಂದಳು ಅಕ್ಕ.

ಒಳಗೆ ನೋಡಿದೊಡನೆ ನನ್ನದೇ ಎಡವಟ್ಟು ಕಂಡಿತು. ಮೂರು ದಿನದ ಹಿಂದೆ, ಕಚೇರಿಯ ಕಡತಗಳು ನೇರವಾಗಿ ಬರಲೆಂದು ನಾನೇ ಒಂದು ನೆಟ್‌ವರ್ಕ್ ಕಾರ್ಡು ಕೂರಿಸಿ, ದನಿ ಬರುತ್ತದೋ ಇಲ್ಲವೋ ನೋಡದೆ ಅವಸರದಲ್ಲಿ ಹೊರಟಿದ್ದೆ. ಇಂಥ ಹಳೆಯ ಯಂತ್ರದಲ್ಲಿ ಪ್ರತಿ ಕಾರ್ಡಿಗೂ ಒಂದೊಂದು ಕರೆಗಂಟೆಯ ನಂಬರನ್ನು ನಾವೇ ಕೊಡಬೇಕು. ಕಾರ್ಡಿನ ಮೇಲೆ ಪಿನ್ನುಗಳ ಸಾಲಿರುತ್ತದೆ; ಬೇಕಾದ ನಂಬರಿನ ಜೋಡಿಗೆ ಜಂಪರ್ ಎಂಬ ಅಕ್ಕಿಕಾಳಿನಷ್ಟು ಟೋಪಿ ತೊಡಿಸಬೇಕು. ಇಬ್ಬರಿಗೂ ಒಂದೇ ನಂಬರಾದರೆ ಕರೆದವರು ಯಾರೆಂದು ಯಂತ್ರಕ್ಕೆ ತಿಳಿಯದು, ದನಿಯೂ ಹೊರಡದು. ಭಾವನದು ಐದು. ಹೊಸಬನಿಗೂ ನಾನು ಐದನ್ನೇ ಕೊಟ್ಟಿದ್ದೆ.

ಸದ್ದಿಲ್ಲದೆ ಸರಿಪಡಿಸಿ, ಸತ್ತವನನ್ನು ಬದುಕಿಸಿದೆ ಎಂದು ಬೀಗಬಹುದಿತ್ತು. ಆ ಯೋಚನೆಯಲ್ಲೇ ಎರಡೂ ಕಾರ್ಡು ಕಿತ್ತು ಮೇಜಿನ ಮೇಲಿಟ್ಟೆ.

"ಕೊಡಿಲ್ಲಿ." ಅಕ್ಕನ ಬೆರಳುಗಳು ಪಿನ್ನುಗಳ ಮೇಲೆ ನಿಧಾನವಾಗಿ ನಡೆದವು. "ಮೂರನೇ ಜೋಡಿ ಅಂದ್ರೆ ಐದು, ಅಲ್ವಾ? ಹಿಂದೊಂದ್ಸಲ ನೀನೇ ಹೇಳಿದ್ದೆ. ಹೊಸಬನ ಟೋಪೀನೂ ಮೂರನೇದಕ್ಕೇ ಇದೆಯಲ್ಲೋ."

"ಅದನ್ನ ಹತ್ತಕ್ಕೆ ಹಾಕ್ತೀನಿ ಬಿಡು," ಎಂದು ಸಿಡುಕಿ ಕಿತ್ತೆ. ಜಂಪರ್ ಚಂಗನೆ ಹಾರಿ ಮಾಯವಾಯಿತು. ಚೀಲದಲ್ಲಿ ಬೇರೊಂದಿರಲಿಲ್ಲ.

ಮೇಜಿನಡಿ ತೆವಳಿದೆ. ಅಲ್ಲಿ ಬೇರೆಯೇ ಕಾಲವಿದ್ದಂತಿತ್ತು. ಚಿಕ್ಕಂದಿನ ಕಣ್ಣಾಮುಚ್ಚಾಲೆ ನೆನಪಾಯಿತು. ನಾನು ಎಲ್ಲಿ ಅಡಗಿದರೂ ಉಸಿರಿನ ಸದ್ದಿಗೇ ಅಕ್ಕ ಹಿಡಿದುಬಿಡುತ್ತಿದ್ದಳು. ಅಕ್ಕನ ಪಾದಗಳ ಪಕ್ಕದಲ್ಲಿ ಬಿಸಿಲು ಬೆಚ್ಚಗಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ.

"ಎಡಗಡೆ, ಗೋಡೆ ಹತ್ರ," ಎಂದಳು ಮೇಲಿನಿಂದ. "ಎರಡು ಸಲ ಪುಟಿದು ಅಲ್ಲೇ ನಿಂತ ಸದ್ದು ಬಂತು."

ಅಲ್ಲೇ ಇತ್ತು. ಹತ್ತರ ಜೋಡಿ ಯಾವುದೆಂದು ಕೇಳಿ, ಟೋಪಿಯನ್ನು ತಾನೇ ತೊಡಿಸಿದಳು. ಕಾರ್ಡುಗಳನ್ನು ಕೂರಿಸಿ ಯಂತ್ರ ಹಾಕಿದೆ. ಫ್ಯಾನು ಗುಂಯ್‌ಗುಟ್ಟಿತು. ಅಕ್ಕ ಅದರತ್ತ ಕಿವಿ ಬಾಗಿಸಿದಳು.

"ಸಿದ್ಧ," ಎಂದಿತು ಮೂಗಿನ ದನಿ.

ಅಕ್ಕನ ಕೆನ್ನೆ ಒದ್ದೆಯಾಯಿತು. ನನಗೂ ಅಳು ಬಂತು. ಅವಳು ಕಣ್ಣೊರೆಸಿಕೊಂಡು ಏನೋ ಟೈಪ್ ಮಾಡಿದಳು. ಭಾವ ಓದಿದ:

"ನಿಮ್ಮ ಬಾಮೈದ ಬಂದಿದ್ದಾನೆ. ನೀವು ಸತ್ತಿರಿ ಎಂದು ಮೂರು ದಿನದಿಂದ ಹೇಳುತ್ತಿದ್ದ."

ಕೀಬೋರ್ಡನ್ನು ನನ್ನತ್ತ ಎಳೆದುಕೊಂಡು ನಾನೂ ಟೈಪ್ ಮಾಡಿದೆ. ಕಚೇರಿಯ ಕಾಗದ ಓದುವಷ್ಟೇ ಸಪ್ಪೆಯಾಗಿ ಭಾವ ಓದಿದ:

"ಇಬ್ಬರಿಗೂ ಐದನ್ನು ಕೊಟ್ಟವನು ನಾನೇ. ನನ್ನ ತಪ್ಪಿಗೆ ಭಾವನನ್ನು ಸಾಯಿಸಿದೆ. ಕ್ಷಮಿಸು ಅಕ್ಕಾ."

"ಇನ್ನೊಂದ್ಸಲ," ಎಂದಳು ಅಕ್ಕ, ಮುಖವನ್ನು ನನ್ನ ಕಡೆಗೆ ತಿರುಗಿಸಿ.

ಗುಂಡಿ ಒತ್ತಲು ಹೋದ ಬೆರಳನ್ನು ಹಿಂದೆಗೆದುಕೊಂಡೆ. ಈ ಸಲ ನಾನೇ ಹೇಳಿದೆ.