ನಾಲ್ಕು ನಿಮಿಷದ ಅಮ್ಮ

ಮಾವನ ಫೋಟೋ ಸ್ಟುಡಿಯೋದಲ್ಲಿ ದಿನಾ ಬೆಳಗ್ಗೆ ನನ್ನ ಮೊದಲ ಕೆಲಸ ಕಂಪ್ಯೂಟರಿಗೆ ಜ್ವರ ಇದೆಯೇ ಎಂದು ನೋಡುವುದು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಅಂಕಿ ಕಾಣುವಂತೆ ಮಾವ ಮಾಡಿಟ್ಟಿದ್ದರು. ಅದು ಒಳಗಿನ ಹಾರ್ಡ್ ಡಿಸ್ಕಿನ ಬಿಸಿ. ನಲವತ್ತರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, ಐವತ್ತು ದಾಟಿದರೆ ಅವರನ್ನು ಕೂಗಬೇಕು.

"ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋಳಿಗೆ ಐವತ್ತರವರೆಗೆ ಎಣಿಸೋಕೆ ಬಂದ್ರೆ ಸಾಕು ಬಿಡು, ಮೌನಿ" ಎನ್ನುತ್ತಿದ್ದರು.

ಮೌನಿ ಎಂದರೆ ನಾನು. ಗಿರಾಕಿಗಳು ಬಂದ ಕೂಡಲೇ ಬೀರುವಿನ ಹಿಂದೆ ಸರಿಯುತ್ತೇನೆಂದು ಅವರೇ ಇಟ್ಟ ಹೆಸರು.

ಅಂಕಿ ನೋಡಿದ ಮೇಲೆ ಧೂಳು ಒರೆಸಬೇಕು. ಸಂಜೆ ಎಲ್ಲ ಆರಿಸಿದ ಮೇಲೆ ಕವರ್ ಹಾಕಬೇಕು. ಕವರುಗಳನ್ನು ಹೊಲಿದವಳು ನನ್ನ ಅಮ್ಮ. ಅವಳು ದರ್ಜಿ. ಕತ್ತರಿಸಿ ಉಳಿದ ಬಟ್ಟೆಯಲ್ಲಿ ರೇಡಿಯೋಗೆ, ಮಿಕ್ಸಿಗೆ, ಗೋಡೆಗೆ ಒರಗಿಸಿಟ್ಟ ಇಸ್ತ್ರಿಪೆಟ್ಟಿಗೆಗೂ ಹೊಲಿದು ಹಾಕುತ್ತಿದ್ದಳು. "ಒಂದಿನ ನಂಗೂ ಒಂದು ಹೊಲಿದು ಹಾಕಿ ಮೂಲೇಲಿ ಕೂರಿಸ್ತಾಳೆ ನಮ್ಮಕ್ಕ" ಎಂದು ಮಾವ ನಗುತ್ತಿದ್ದರು. ಸ್ಟುಡಿಯೋದ ಕಂಪ್ಯೂಟರಿಗೆ ಅವಳು ಎರಡು ಹೊಲಿದುಕೊಟ್ಟಿದ್ದಳು. ಪರದೆಗೊಂದು, ಸಿಪಿಯು ಡಬ್ಬಕ್ಕೊಂದು. ನೀಲಿ ಹೂವಿನ ದಪ್ಪ ಬಟ್ಟೆ, ಒಳಗೆ ಅಸ್ತರು, ಕೆಳಗೆ ಸುತ್ತಲೂ ಎಲಾಸ್ಟಿಕ್. ಎಳೆದು ಹಾಕಿದರೆ ಗಾಳಿಯೂ ನುಸುಳದು.

ಅಮ್ಮ ಹೋಗಿ ಒಂದು ವರ್ಷವಾಗಿತ್ತು. ಅವಳ ಫೋಟೋಗಳು ಮನೆಯಲ್ಲಿವೆ. ದನಿ ಮಾತ್ರ ಒಂದೇ ಕಡೆ ಇತ್ತು, ಆ ಹಾರ್ಡ್ ಡಿಸ್ಕಿನಲ್ಲಿ. ಹೊಸ ಮೈಕ್ ತಂದ ದಿನ ಪರೀಕ್ಷೆಗೆಂದು ಮಾವ ಅವಳನ್ನು ಕೂರಿಸಿ ಮಾತಾಡಿಸಿದ್ದರು. ಒಟ್ಟು ನಾಲ್ಕು ನಿಮಿಷ. ಮಧ್ಯಾಹ್ನ ಮಾವ ಊಟಕ್ಕೆ ಹೋದಾಗ ನಾನು ಬಾಗಿಲು ಮುಂದೆ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ದಿನಕ್ಕೆ ಒಂದೇ ಸಲ.

ಅದು ಮಾವನಿಗೆ ಗೊತ್ತಿತ್ತೆಂದು ಕಾಣುತ್ತದೆ. ಒಂದು ದಿನ ಮೇಜಿನ ಮೇಲೆ ಪೆನ್ ಡ್ರೈವ್ ಇಟ್ಟು, "ಅಮ್ಮಂದು ಇದಕ್ಕೆ ಹಾಕ್ಕೊಂಡು ಹೋಗಿ ಅಜ್ಜಿಗೆ ಕೇಳಿಸೇ. ಕಣ್ಣು ಮಂಜಾಗಿದೆ, ಫೋಟೋ ತೋರಿಸಿದ್ರೆ ಅವಳಿಗೇನು ಕಾಣತ್ತೆ?" ಎಂದರು.

ಅಜ್ಜಿ ಎಂದರೆ ಅಮ್ಮನ ಅಮ್ಮ. ಮನೆಯಲ್ಲಿ ಈಗ ನಾವು ಮೂವರೇ. ನಾನು ಹೂಂ ಎಂದೆ. ಪೆನ್ ಡ್ರೈವನ್ನು ಚೀಲಕ್ಕೆ ಹಾಕಿಕೊಂಡೆ. ನಾಳೆ ಮಾಡಿದರಾಯಿತು ಎಂದುಕೊಂಡೆ. ಎರಡು ತಿಂಗಳು ಹಾಗೇ ಅಂದುಕೊಂಡೆ. ಮರೆತದ್ದಲ್ಲ. ಅಜ್ಜಿಗೆ ಕೇಳಿಸಿದರೆ ಅವಳು ಅಳುತ್ತಾಳೆ, ಪಕ್ಕದ ಮನೆಯವರನ್ನು ಕರೆದು ಕೇಳಿಸುತ್ತಾಳೆ, ಆಮೇಲೆ ಅದು ಎಲ್ಲರದಾಗುತ್ತದೆ. ಆ ನಾಲ್ಕು ನಿಮಿಷ ನನಗೊಬ್ಬಳಿಗೇ ಇರಲಿ ಎಂಬ ಆಸೆ ನನ್ನನ್ನು ಬಿಡಲಿಲ್ಲ.

ಮಾವನಿಂದ ವಿಷಯ ತಿಳಿದ ಅಜ್ಜಿಯೋ ದಿನಾ ಸಂಜೆ ಕೇಳುವಳು, "ತಂದ್ಯೇನೇ?"

"ನಾಳೆ ತರ್ತೀನಜ್ಜಿ."

"ನಿನ್ನ ನಾಳೆಗೆ ನಾನಿರ್ತೀನೋ ಇಲ್ವೋ."

ಬೇಸಿಗೆ ಶುರುವಾದಾಗ ಡಬ್ಬದೊಳಗಿನ ಒಂದು ಫ್ಯಾನು ಕೆಟ್ಟಿತು. ಮಾವ ಪಕ್ಕದ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟರು. ಅಂಕಿ ನಲವತ್ತೆಂಟಕ್ಕೆ ನಿಂತಿತು. "ಇದಕ್ಕೆ ವಯಸ್ಸಾಯ್ತು. ಹೊಸ ಡಿಸ್ಕ್‌ಗೆ ಎಲ್ಲಾ ಕಾಪಿ ಮಾಡಿಬಿಡೋಣ" ಎಂದು ಹೊಸದೊಂದನ್ನು ತಂದರು. ಗಿರಾಕಿಗಳ ಫೋಟೋ, ವಿಡಿಯೋಗಳನ್ನು ಅವರು ಯಾವತ್ತೂ ಎರಡು ಕಡೆ ಇಡುತ್ತಿದ್ದರು. ನಮ್ಮ ಮನೆಯವು ಮಾತ್ರ ಒಂದೇ ಕಡೆ ಇದ್ದವು. ಮನೆಯದಲ್ಲವೇ, ಯಾವಾಗಲಾದರೂ ಮಾಡಿದರಾಯಿತು ಎಂದು.

ಬುಧವಾರ ಹತ್ತು ಗಂಟೆಗೆ ಕಾಪಿ ಹಚ್ಚಿ, ಒಂದು ಶಾಲೆಗೆ ಗುಂಪು ಫೋಟೋ ತೆಗೆಯಲು ಹೊರಟರು. ಚಪ್ಪಲಿ ಮೆಟ್ಟುತ್ತ ಹೇಳಿದರು, "ನಾಲ್ಕು ತಾಸು ಹಿಡಿಯತ್ತೆ. ಫ್ಯಾನ್ ಆರಿಸ್ಬೇಡ, ಬೇರೇನೂ ಮುಟ್ಟಬೇಡ. ಗೊತ್ತಾಯ್ತಾ?"

ತಲೆಯಾಡಿಸಿದೆ.

ಹನ್ನೊಂದರ ಹೊತ್ತಿಗೆ ರಸ್ತೆ ಅಗೆಯುವ ಯಂತ್ರ ನಮ್ಮ ಬಾಗಿಲಿಗೇ ಬಂತು. ಗಾಜು ಗಡಗಡ ಎಂದಿತು. ಕೆಂಪು ಧೂಳು ಬಾಗಿಲ ಸಂದಿಯಿಂದ, ಕಿಟಕಿಯಿಂದ ಹೊಗೆಯಂತೆ ನುಗ್ಗಿತು. ಟೇಬಲ್ ಫ್ಯಾನ್ ಅದನ್ನೆಲ್ಲ ಬಾಚಿ ತೆರೆದ ಡಬ್ಬದೊಳಕ್ಕೆ ಊದುತ್ತಿತ್ತು. ಒಳಗೆ ಧೂಳು ಹೋದರೆ ಯಂತ್ರ ಸತ್ತಂತೆ ಎಂದು ಮಾವ ನೂರು ಸಲ ಹೇಳಿದ್ದರು. ಅವರಿಗೆ ಫೋನ್ ಮಾಡಬಹುದಿತ್ತು. ಅಲ್ಲಿ ಮಾಸ್ತರರು, ಮಕ್ಕಳು, ಎಲ್ಲರ ಎದುರು ಅವರ ಫೋನು ಕೂಗಿದರೆ ಎಂದು ಹಿಂಜರಿದೆ. ಫ್ಯಾನ್ ಆರಿಸಿದೆ. ಕಿಟಕಿ ಮುಚ್ಚಿದೆ. ಬೀರುವಿನಿಂದ ಅಮ್ಮನ ಕವರುಗಳನ್ನು ತೆಗೆದು ಡಬ್ಬಕ್ಕೂ ಪರದೆಗೂ ಹಾಕಿದೆ. ಎಲಾಸ್ಟಿಕ್ಕನ್ನು ಕೆಳಗಿನವರೆಗೆ ಎಳೆದೆ.

ಆಗ ಸಮಾಧಾನವಾಯಿತು. ಅಮ್ಮನೇ ಸೆರಗು ಮುಚ್ಚಿ ಕಾಪಾಡುತ್ತಿದ್ದಾಳೆ ಅನ್ನಿಸಿತು.

ಯಂತ್ರ ಮುಂದಿನ ಬೀದಿಗೆ ಹೋಗುವಾಗ ಒಂದೂವರೆ. ಕವರಿನ ಮೇಲೆ ಕೈಯಿಟ್ಟೆ, ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು. ಎರಡನ್ನೂ ಎಳೆದು ತೆಗೆದಾಗ ಡಬ್ಬದೊಳಗಿನಿಂದ ಬಿಸಿ ಮುಖಕ್ಕೆ ರಾಚಿತು. ಮೂಲೆಯ ಅಂಕಿ ಎಪ್ಪತ್ತೊಂದು. ಕಾಪಿ ಅರ್ಧದಲ್ಲಿ ನಿಂತಿತ್ತು, ಅಮ್ಮನ ದನಿಯ ಸರದಿ ಇನ್ನೂ ಬಂದಿರಲಿಲ್ಲ. ಡಬ್ಬದೊಳಗೆ ಟಿಕ್, ಟಿಕ್, ಟಿಕ್ ಎಂದು ಯಾರೋ ಉಗುರಿನಿಂದ ಬಡಿಯುತ್ತಿದ್ದಂತೆ ಸದ್ದು. ಫ್ಯಾನ್ ಹಾಕಿ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು.

ಮಾವ ಬಂದು ನೋಡಿದರು. ಕವರುಗಳನ್ನು ನಾನು ಆಗಲೇ ಮಡಿಸಿ ಒಳಗಿಟ್ಟಿದ್ದೆ. ಅವರು ಡಿಸ್ಕನ್ನು ಬಿಚ್ಚಿ ಹೊರತೆಗೆದರು.

ಮರುದಿನ ಇಬ್ಬರೂ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ರಿಪೇರಿಯವನ ಹತ್ತಿರ ಹೋದೆವು. ಎಲ್ಲರೂ ಅವನನ್ನು ಡಾಕ್ಟರ್ ಎನ್ನುತ್ತಾರೆ. ಅವನು ಅದನ್ನು ಕಿವಿಗೆ ಹಿಡಿದ, ಒಳಗಿನ ಗಾಜಿನಗೂಡಿಗೆ ಒಯ್ದ, ಬಹಳ ಹೊತ್ತು ಬರಲಿಲ್ಲ. ಬಂದವನು ತಲೆಯಲ್ಲಾಡಿಸಿದ.

"ಓದೋ ಮುಳ್ಳು ತಟ್ಟೆಗೇ ತಾಗಿ ಗೀರಿಬಿಟ್ಟಿದೆ ಸರ್. ಏನೂ ಸಿಗಲ್ಲ. ಅಲ್ಲಾ, ಈ ಬೇಸಿಗೇಲಿ ಇದಕ್ಕೇನು ಕಂಬಳಿ ಹೊದಿಸಿ ಮಲಗಿಸಿದ್ರಾ?"

ಅವನು ನಕ್ಕ. ಮಾವ ನಗಲಿಲ್ಲ. "ನಂದೇ ತಪ್ಪು ಬಿಡಪ್ಪ. ಫ್ಯಾನ್ ಕೆಟ್ಟ ದಿನವೇ ಮಾಡ್ಬೇಕಿತ್ತು" ಎಂದರು.

ಹಿಂದಿರುಗುವಾಗ ಅಗೆದ ರಸ್ತೆಯ ಪಕ್ಕ ಅವರು ಮುಂದೆ, ನಾನು ಹಿಂದೆ. ಅವರ ಭುಜ ಇಳಿದಿತ್ತು. ಅದನ್ನು ನೋಡಿಕೊಂಡು ಎಷ್ಟು ದೂರ ನಡೆಯಲಾದೀತು?

"ಮಾವ, ನಾನು ಕವರ್ ಹಾಕಿದ್ದೆ."

ಅವರು ತಿರುಗಲಿಲ್ಲ. "ಯಾವ್ದು?"

"ಅಮ್ಮಂದು. ಧೂಳು ಬರ್ತಿತ್ತು."

ಮಾವ ನಿಂತರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದರು. "ಅವಳಿದ್ದಿದ್ರೆ ಅವಳೂ ಅದನ್ನೇ ಮಾಡ್ತಿದ್ಳು ಕಣೇ" ಎಂದರು. ಆಮೇಲೆ, "ಪೆನ್ ಡ್ರೈವಿಗೆ ಹಾಕಿದೀಯಲ್ಲ?" ಎಂದು ಕೇಳಿದರು.

ನಾನು ನೆಲ ನೋಡಿದೆ. ಅವರು ಕನ್ನಡಕ ಹಾಕಿಕೊಂಡು ಮುಂದೆ ನಡೆದರು.

ಮನೆಯಲ್ಲಿ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ನನ್ನ ಹೆಜ್ಜೆ ಅವಳಿಗೆ ಗೊತ್ತು.

"ತಂದ್ಯೇನೇ?"

"ಇಲ್ಲಜ್ಜಿ. ಸುಟ್ಟುಹೋಯ್ತು. ನನ್ನಿಂದಲೇ."

ಅಜ್ಜಿ ಕೈಚಾಚಿ ನನ್ನ ಮಣಿಕಟ್ಟು ಹುಡುಕಿ ಹಿಡಿದಳು. "ಏನಂದಿದ್ಳು ಅದ್ರಲ್ಲಿ? ಅಷ್ಟಾದ್ರೂ ಹೇಳು" ಎಂದಳು.

ನನಗೆ ಪ್ರತಿ ಉಸಿರೂ ಬಾಯಿಪಾಠ. ಯಾರ ಮುಂದೆಯೂ ಮಾತಾಡದವಳು ಅಮ್ಮನ ಹಾಗೇ ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

"ಒಂದು, ಎರಡು, ಮೂರು... ಕೇಳಿಸ್ತಿದ್ಯೇನೋ? ಇದರ ಮುಂದೆ ಏನ್ ಮಾತಾಡ್ಲಿ? ಬೆಳಗಿಂದ ಏನೂ ತಿಂದಿಲ್ಲ ನೀನು, ಮುಖ ನೋಡ್ಕೋ, ಹಿಂಡಿದ ಬಟ್ಟೆ ಥರ ಆಗಿದೆ. ಮೊದ್ಲು ಊಟ ಮಾಡು, ಮೈಕ್ ಎಲ್ಲಿಗೂ ಓಡಿಹೋಗಲ್ಲ..."

ಅಜ್ಜಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಬಾಗಿಲಲ್ಲಿ ಮಾವ ನಿಂತದ್ದು ಕಂಡಿತು, ಆದರೂ ನಿಲ್ಲಿಸದೆ ಕೊನೆಯವರೆಗೆ ಹೇಳಿದೆ.

"...ನೋಡು, ಇವ್ಳು ಬೀರು ಹಿಂದೆ ನಿಂತ್ಕೊಂಡು ಕದ್ದು ಕೇಳ್ತಿದಾಳೆ. ಬಾರೇ ಈಚೆ, ನೀನೂ ಒಂದು ಮಾತಾಡು."

ಆ ದಿನ ನಾನು ಈಚೆಗೆ ಬಂದಿರಲಿಲ್ಲ.

ಅಜ್ಜಿ ಕಾದಳು. "ಇಲ್ಲಿ ನಕ್ಕಿರ್ಬೇಕಲ್ವೇನೇ ಅವಳು?"

"ಹೂಂ ಅಜ್ಜಿ."

"ಹೇಗೆ?"

ಬಾಯಿ ತೆರೆದೆ. ಆ ನಗು ನನಗೆ ಬರಲಿಲ್ಲ.