ಮೇಲುಗಲ್ಲು

“ಏ ಹಣಮಿ, ಬಾಯಿ ಮುಚ್ಚಿ ಬೀಸ ಬೇ. ನಿಮ್ಮವ್ವ ಸತ್ತಾಳೇನ, ಅಳಾಕತ್ತಿ?”

ದೌಲತರಾಯ ಗೌಡ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬೈದು ಹೋದ. ಹಣಮವ್ವ ಅಳುತ್ತಿರಲಿಲ್ಲ, ಹಾಡುತ್ತಿದ್ದಳು. ಹಾಡು ನಿಲ್ಲಿಸಿದಳು, ಕೈ ನಿಲ್ಲಿಸಲಿಲ್ಲ. ಎದುರಿಗೆ ಕುಳಿತು ಬೇಳೆ ಕೇರುತ್ತಿದ್ದ ಪ್ಯಾರಿಬಿ ಮೊರವನ್ನು ಮುಖಕ್ಕೆ ಅಡ್ಡ ಹಿಡಿದು, ನಿಮ್ಮವ್ವ ಸತ್ತು ವರ್ಷ ಆಯ್ತು, ಗೌಡಗ ಈಗ ಸುದ್ದಿ ಮುಟ್ಟ್ಯಾದ ನೋಡು ಎಂದು ನಕ್ಕಳು.

ತೊಗರಿಯನ್ನು ನೆನೆಸಿ, ಕೆಮ್ಮಣ್ಣಿನ ರಾಡಿ ಹಚ್ಚಿ, ಗುಂಪೆ ಹಾಕಿ, ಆಮೇಲೆ ಬಿಸಿಲಿಗೆ ಹರವಬೇಕು. ಒಣಗಿದಂತೆ ಒಳಗಿನ ಕಾಳು ಕುಗ್ಗಿ ಸಿಪ್ಪೆಯಿಂದ ಬಿಡಿಸಿಕೊಳ್ಳುತ್ತದೆ. ಆ ಹದದಲ್ಲಿ ಕಲ್ಲಿಗೆ ಹಾಕಿದರೆ ಕಾಳು ಎರಡು ಹೋಳಾಗುತ್ತದೆ. ಹದ ತಪ್ಪಿದರೆ ಪುಡಿಯಾಗುತ್ತದೆ. ಗೌಡರ ಮನೆಯವರು ಉಣ್ಣುವ ಬೇಳೆಯನ್ನು ವಾಡೆಯ ಒಳಗೆ ಗೌಡಸಾನಿ ಗೌರಾಬಾಯಿಯೇ ಒಡೆಯುತ್ತಿದ್ದಳು. ಆಳಂದದ ಪೇಟೆಗೆ ಹೋಗುವ ಬೇಳೆ ಮಾತ್ರ ಕೊಟ್ಟಿಗೆಯಲ್ಲಿ, ಹೊಲಗೇರಿಯ ಹಣಮವ್ವನ ಕೈಯಲ್ಲಿ. ಪೇಟೆಗೆ ಹೋಗುವ ಬೇಳೆಗೆ ಜಾತಿ ಇರಲಿಲ್ಲ.

ಕಲ್ಲು ಹಣಮವ್ವನದು. ಮದುವೆಯಾಗಿ ಬರುವಾಗ ಅವಳ ತಾಯಿ ತವರೂರು ಮಟಕಿಯಿಂದ ಗಾಡಿಯಲ್ಲಿ ಹೇರಿ ಕಳಿಸಿದ್ದು. ತನ್ನ ಕಲ್ಲಿನಲ್ಲಿ ಬೀಸುವವಳಿಗೆ ನುಚ್ಚು ಮತ್ತು ಹೊಟ್ಟು ಸಲ್ಲುತ್ತಿದ್ದವು. ಕಲ್ಲಿಲ್ಲದವಳಿಗೆ ಹೊತ್ತಿನ ರೊಟ್ಟಿ ಅಷ್ಟೇ. ಪ್ಯಾರಿಬಿಯ ಕಲ್ಲು ಸೀಳಿದಂದಿನಿಂದ ಅವಳ ಬಾಳು ಹಾಗೇ ಇತ್ತು. ನುಚ್ಚಿನಿಂದ ಹಣಮವ್ವನ ಮನೆಯ ಒಲೆ ಉರಿಯುತ್ತಿತ್ತು, ಹೊಟ್ಟಿನಿಂದ ಅವಳ ಆಡುಗಳು ಬದುಕಿದ್ದವು. ಗಂಡ ಸತ್ತ ಮೇಲೂ ಗೌಡರ ಹೊಲಕ್ಕೆ ಜೀತಕ್ಕೆ ಹೋಗದೆ ಅವಳು ಉಳಿದದ್ದು ಆ ಕಲ್ಲಿನಿಂದ.

ಅಂದೇ ಸಂಜೆ ಗೌಡನ ಮಗ ಗುರಣ್ಣ ಕೊಟ್ಟಿಗೆಗೆ ಬಂದ. ಗುಲ್ಬರ್ಗದಲ್ಲಿ ಎಂ.ಎ. ಓದುತ್ತಿದ್ದ. ಸೆಗಣಿ ಬಿದ್ದ ನೆಲವನ್ನೂ ಲೆಕ್ಕಿಸದೆ ಹಣಮವ್ವನ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, ನಿಲ್ಲಿಸಿದ ಹಾಡನ್ನು ಮತ್ತೆ ಹಾಡಿ ಎಂದ. ಅವಳನ್ನು ‘ಹಣಮವ್ವನವರೆ’ ಎಂದು ಕರೆದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಅದು ಮಹಿಳಾ ವರ್ಷವಂತೆ. ಇಡೀ ಜಗತ್ತಿಗೇ ಅಂತೆ. ಗುರಣ್ಣ ಅದಕ್ಕಾಗಿ ಒಂದು ನಾಟಕ ಬರೆದಿದ್ದ. ಬಿತ್ತುವವಳು, ಬೀಸುವವಳು, ಹೆರುವವಳು ಎಲ್ಲವೂ ಆದ ಒಬ್ಬ ಹೆಣ್ಣು ಕೊನೆಯ ದೃಶ್ಯದಲ್ಲಿ ತನ್ನ ಸಂಕೋಲೆಯಿಂದ ಬಿಡುಗಡೆಯಾಗುತ್ತಾಳೆ. ಆ ಸಂಕೋಲೆಯೇ ಬೀಸುವ ಕಲ್ಲು. ಆಳಂದದಿಂದ ಸಾಹೇಬರೊಬ್ಬರು ನೋಡಲು ಬರುವವರಿದ್ದರು. ಹೊತ್ತು ಮುಳುಗುವ ಮೊದಲು ಅವರು ಹಿಂತಿರುಗಬೇಕಾದ್ದರಿಂದ ನಾಟಕ ಹಗಲಿನಲ್ಲೇ, ವಾಡೆಯ ಮುಂದಿನ ಕಟ್ಟೆಯ ಮೇಲೆ.

ಕಟ್ಟೆಗಾಗಿ ಒಂದು ಬೀಸುವ ಕಲ್ಲು ಬೇಕಾಗಿತ್ತು. ಗುರಣ್ಣ ಮೊದಲು ತಾಯಿಯನ್ನು ಕೇಳಿದ್ದ. ಗೌರಾಬಾಯಿ ಒಪ್ಪಿರಲಿಲ್ಲ. ಒಳಗಿನ ಕಲ್ಲು ಮನೆಯ ಮದುವೆಗಳಲ್ಲಿ ಅರಿಷಿಣ ಹಚ್ಚಿ ಪೂಜೆ ಮಾಡಿದ ಕಲ್ಲು. ಮನೆಯ ಮುತ್ತೈದೆಯರನ್ನು ಬಿಟ್ಟು ಬೇರೆಯವರ ಕೈ ಅದಕ್ಕೆ ತಾಗಬಾರದು. ಹಣಮವ್ವನ ಮದುವೆಯಲ್ಲೂ ಅವಳ ತಾಯಿ ಮಗಳ ಕಲ್ಲಿಗೆ ಅರಿಷಿಣ ಹಚ್ಚಿದ್ದಳು. ಅದನ್ನು ಯಾರೂ ಕೇಳಲಿಲ್ಲ.

“ಬರೇ ತೋರಸಲಿಕ್ಕ, ಹಣಮವ್ವನವರೆ. ನೀವು ಒಪ್ಪಿದರ ಅಷ್ಟೇ ಒಯ್ತೀನಿ,” ಎಂದ ಗುರಣ್ಣ.

ಬಾಗಿಲಲ್ಲಿ ದೌಲತರಾಯ ನಿಂತಿದ್ದ. “ಆಕೀದೇನ ಒಪ್ಪಿಗಿ ಕೇಳ್ತಿಯೋ? ಆಳಿಗಿ ಹೇಳು, ಹೊತ್ಕೊಂಡ ಹೋಗ್ತಾನ.”

“ಹಂಗಲ್ಲಪಾ. ಒಪ್ಪಿಗಿ ಬೇಕು,” ಎಂದು ಗುರಣ್ಣ ತಂದೆಗೆ ಗಟ್ಟಿಯಾಗಿ ಹೇಳಿದ. ಅಪ್ಪನೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದಕ್ಕೆ ಅವನ ಕಿವಿ ಕೆಂಪಾದವು.

ಹಣಮವ್ವ ಇಬ್ಬರನ್ನೂ ನೋಡಿದಳು. ನಾಟಕ ಮುಗಿದ ಕೂಡಲೇ ಕಲ್ಲು ಕೊಟ್ಟಿಗೆಗೆ ಬರಬೇಕು, ಹರವಿದ ತೊಗರಿ ಹದಕ್ಕೆ ಬಂದಿದೆ ಎಂದು ಮೆಲ್ಲಗೆ ಹೇಳಿ ತಲೆಯಾಡಿಸಿದಳು.

*

ಮುಂದಿನ ದಿನಗಳಲ್ಲಿ ವಾಡೆಯ ಪಡಸಾಲೆಯಲ್ಲಿ ತಾಲೀಮು ನಡೆಯಿತು. ಗುಲ್ಬರ್ಗದಿಂದ ನಟಿಯರನ್ನು ಕರೆಸಿದರೆ ಮನೆತನದ ಮಾನ ಹೋಗುತ್ತದೆ, ಮನೆಯ ಹೆಣ್ಣುಮಕ್ಕಳು ಕಟ್ಟೆ ಹತ್ತಿದರೆ ಪೂರಾ ಹೋಗುತ್ತದೆ ಎಂದು ದೌಲತರಾಯ ಖಡಾಖಡಿ ಹೇಳಿಬಿಟ್ಟಿದ್ದ. ಹೀಗಾಗಿ ನಾಯಕಿಯ ಪಾತ್ರಕ್ಕೆ ಗುರಣ್ಣನೇ ಮೀಸೆ ಬೋಳಿಸಿದ. ತಾಯಿಯ ಇಲಕಲ್ಲ ಸೀರೆ ಉಟ್ಟ. ಗೌರಾಬಾಯಿ ಮಗನ ನೆರಿಗೆ ಸರಿಮಾಡಿ ಒಳಗೆ ಹೋದಳು. ನಾಟಕವನ್ನು ಅವಳು ಮಾಳಿಗೆಯ ಕಿಟಕಿಯಿಂದ ನೋಡಬಹುದಿತ್ತು.

ಬೀಸುವುದು ಗುರಣ್ಣನಿಗೆ ಕೂಡಿಬರಲಿಲ್ಲ. ಕಾಳು ಚೆಲ್ಲಿತು, ಗೂಟ ಕೈಯಿಂದ ಜಾರಿತು, ಹಾಡಂತೂ ಬರಲೇ ಇಲ್ಲ. ಕೊನೆಗೆ ಒಂದು ಉಪಾಯ ಮಾಡಿದ. ಮೊದಲ ದೃಶ್ಯಗಳಲ್ಲಿ ಹಣಮವ್ವ ಪರದೆಯ ಹಿಂದೆ ಕಲ್ಲಿಟ್ಟುಕೊಂಡು ಬೀಸಬೇಕು, ಹಾಡಬೇಕು. ಪರದೆಯ ಮುಂದೆ ಅವನು ಬರಿಗೈ ತಿರುಗಿಸುತ್ತ ಬಾಯಿ ಆಡಿಸುತ್ತಾನೆ. ಕೊನೆಯ ದೃಶ್ಯಕ್ಕೆ ಕಲ್ಲನ್ನು ಕಟ್ಟೆಯ ಮೇಲೆ ಒಯ್ಯುತ್ತಾರೆ. ಹಣಮವ್ವನ ಕೇರಿಯವರು ಕಟ್ಟೆ ಹತ್ತುವಂತಿರಲಿಲ್ಲ. ಅದಕ್ಕೇ ಪರದೆಯನ್ನು ಕಟ್ಟೆಯಿಂದ ಕೆಳಗೆ ನೆಲದವರೆಗೆ ಇಳಿಬಿಟ್ಟು, ಅವಳಿಗೆ ಹಿಂದಿನ ನೆಲದ ಮೇಲೆ ಜಾಗ ಮಾಡಿದರು.

“ನಿನ್ನ ದನಿ, ಗೌಡನ ಮಗನ ಬಾಯಿ,” ಎಂದಳು ಪ್ಯಾರಿಬಿ. “ಹಿಂದಾಗಡೆ ನೀ ಸೀನಿದ್ರ ಅವನೂ ಮೂಗ ಒರಸ್ಕೋಬೇಕಾಗ್ತದ ಬುವಾ.”

*

ನಾಟಕದ ದಿನ ಸಾಹೇಬರ ಜೀಪು ಊಟದ ಹೊತ್ತಿಗೆ ಬಂತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಸಾಹೇಬರು ಮತ್ತು ದೌಲತರಾಯ, ಹಿಂದೆ ಜಮಖಾನೆಯ ಮೇಲೆ ಊರಿನ ಗಂಡಸರು. ಹೆಂಗಸರು ಮಾಳಿಗೆಯ ಕಿಟಕಿಗಳಲ್ಲಿ, ಹೊಲಗೇರಿಯವರು ಬೇವಿನ ಮರದ ಆಚೆ.

ಪರದೆಯ ಹಿಂದೆ ಹಣಮವ್ವ ಹಿಡಿ ತೊಗರಿ ಹಾಕಿ ಗೂಟ ತಿರುಗಿಸಿದಳು. ಹಾಡು ಎತ್ತಿದಳು. ಮಟಕಿಯ ಓಣಿ, ತಾಯಿ ಬಾಗಿಲಲ್ಲಿ ನಿಂತು ನೋಡುವುದು, ಬಾರದ ಮಗಳು. ಅವಳಿಗೆ ಗೊತ್ತಿದ್ದ ಹಾಡೇ ಅದು. ಕಟ್ಟೆಯ ಮುಂದೆ ಜನ ಸದ್ದಿಲ್ಲದೆ ಕೇಳಿದರು.

ಕೈಗೆ ಏನೋ ಸರಿ ಎನಿಸಲಿಲ್ಲ. ಗೂಟ ಸಡಿಲಾಗಿ ಅಲುಗುತ್ತಿತ್ತು. ಹಾಡುತ್ತಲೇ ಎಡಗೈಯನ್ನು ಮೇಲುಗಲ್ಲಿನ ಮೇಲೆ ಆಡಿಸಿದಳು. ಬೆರಳಿಗೆ ಕೆಮ್ಮಣ್ಣು ಮೆತ್ತಗೆ ಸಿಕ್ಕಿತು. ಕಲ್ಲಿನ ಮೇಲೆ ಕೆಮ್ಮಣ್ಣು ಇರುವುದು ಹೊಸದಲ್ಲ. ಆದರೆ ಉಗುರು ಒತ್ತಿದರೆ ಒಳಗೆ ಹೋಯಿತು. ಈ ಅಂಚಿನಿಂದ ಆ ಅಂಚಿನವರೆಗೆ ಉಳಿಯಿಂದ ಕೊರೆದ ಆಳದ ಗೀರು. ಅದರ ತುಂಬ ಮಣ್ಣು ತುಂಬಿ ಮೆತ್ತಿದ್ದರು.

ಪರದೆಯ ಹಗ್ಗ ಹಿಡಿದು ವಡ್ಡರ ಖಂಡಪ್ಪ ನಿಂತಿದ್ದ. ಪ್ರತಿ ವರ್ಷ ತೊಗರಿ ಬಂದಾಗ ಸವೆದ ಕಲ್ಲಿಗೆ ಉಳಿ ಹೊಡೆದು ತರಿ ಎಬ್ಬಿಸಿಕೊಡುವವನು ಅವನೇ. ದೃಶ್ಯ ಮುಗಿದು ಚಪ್ಪಾಳೆ ಬಿದ್ದಾಗ ಹಣಮವ್ವ ಅವನ ಮುಖ ನೋಡಿದಳು. ಖಂಡಪ್ಪ ಹಗ್ಗವನ್ನು ನೋಡಿದ.

“ಗೌಡ ಹೇಳಿದನವ್ವ,” ಎಂದ. “ಕಬ್ಬಿಣದ ಹಾರಿ ಎತ್ತಿ ಒಂದ ಏಟು ಹಾಕಿದ್ರ ಎಲ್ಲಾರ ಎದುರಿಗಿ ಎರಡು ಹೋಳ ಆಗ್ಬೇಕಂತ. ಇಲ್ಲಂದ್ರ ನಗ್ತಾರಂತ.”

ಅಷ್ಟರಲ್ಲಿ ಆಳುಗಳು ಬಂದು ಕಲ್ಲನ್ನು ಎತ್ತಿದರು. ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಗುರಣ್ಣ ಪರದೆಯ ಮರೆಗೆ ಬಂದಿದ್ದ. ತುಟಿಗೆ ಬಣ್ಣ, ಕೆನ್ನೆಗೆ ಪೌಡರು. ಹಣಮವ್ವ ಕೆಳಗೆ ನೆಲದ ಮೇಲೆ ನಿಂತು ಕೇಳಿದಳು.

“ಯಪ್ಪಾ, ನನ್ನ ಕಲ್ಲು ಒಡೀತೀರೇನ್ರಿ?”

“ಅದು ಕಲ್ಲಲ್ರಿ, ಸಂಕೇತ. ನಿಮ್ಮ ಸಲುವಾಗೇ ಒಡೀಲಿಕತ್ತೀನಿ, ತಿಳ್ಕೋರಿ.”

“ನಾಳಿಗಿ ಏನ್ ಬೀಸ್ಲಿ?”

“ಅಪ್ಪ ಹೊಸಾದು ಕೊಡಸ್ತಾನ.”

ಗೌಡ ಕೊಡಿಸಿದ ಕಲ್ಲು ಗೌಡನ ಕಲ್ಲು. ಅದರ ನುಚ್ಚು ಅವನದು, ಹೊಟ್ಟು ಅವನದು. ಇಷ್ಟನ್ನು ಹೇಳಲು ಹಣಮವ್ವ ಬಾಯಿ ತೆರೆಯುವಷ್ಟರಲ್ಲಿ ಗುರಣ್ಣ ಕಟ್ಟೆಯ ನಡುವೆ ಹೋಗಿ ನಿಂತಿದ್ದ. ಖಂಡಪ್ಪ ಪರದೆ ಎಳೆದ.

“ಯುಗಯುಗಗಳ ಸಂಕೋಲೆಯೇ! ನಾನು ಅಬಲೆಯಲ್ಲ. ಇಂದು ನಿನ್ನನ್ನು ಒಡೆಯುವೆ!”

ಗುರಣ್ಣ ಹಾರೆ ಎತ್ತಿದ. ಬಳೆಗಳು ಮೊಣಕೈಗೆ ಜಾರಿದವು.

ಹಣಮವ್ವ ಕಟ್ಟೆ ಹತ್ತಿದಳು. ಮೊದಲು ಅಂಗೈ ಊರಿ, ಮೊಣಕಾಲೂರಿ, ಹೊಲದ ಒಡ್ಡು ಹತ್ತುವಂತೆ ಹತ್ತಿದಳು. ನಡೆದು ಹೋಗಿ ಕಲ್ಲಿನ ಮುಂದೆ, ದಿನಾ ಕೂರುವಂತೆ, ಒಂದು ಕಾಲು ಚಾಚಿ ಒಂದು ಕಾಲು ಮಡಚಿ ಕುಳಿತಳು. ಗೂಟ ಹಿಡಿದಳು.

ಬೇವಿನ ಮರದ ಆಚೆ ಗುಜುಗುಜು ನಿಂತಿತು. ಜಮಖಾನೆಯ ಮೇಲಿನವರು ಗೌಡನ ಕಡೆ ನೋಡಿದರು. ದೌಲತರಾಯ ಕುರ್ಚಿಯಿಂದ ಅರ್ಧ ಎದ್ದ. ಪಕ್ಕದಲ್ಲಿ ಸಾಹೇಬರು ಮುಂದಕ್ಕೆ ಬಾಗಿ ನೋಡುತ್ತಿದ್ದರು. ಕಟ್ಟೆ ಮೈಲಿಗೆಯಾಯಿತು ಎಂದು ಇವರ ಎದುರು ಹೇಗೆ ಹೇಳುವುದು? ಗೌಡ ಕುಳಿತ.

ಗುರಣ್ಣ ಎತ್ತಿದ ಹಾರೆಯನ್ನು ಹೆಗಲ ಮೇಲೆ ಇಳಿಸಿಕೊಂಡ. “ಹಣಮವ್ವನವರೆ, ಕೆಳಗ ಇಳೀರಿ,” ಎಂದ ಪಿಸುದನಿಯಲ್ಲಿ. ಅವಳು ಏಳಲಿಲ್ಲ. “ಏಳ್ರಿ ಅಂದೆ.” ಏಳಲಿಲ್ಲ. ತುಟಿಯ ಬಣ್ಣದ ನಡುವಿಂದ ಅವನ ಅಪ್ಪನ ದನಿ ಬಂತು. “ಏಳ ಬೇ ರಂಡೆ.”

ಹಣಮವ್ವ ತಲೆ ಎತ್ತಿದಳು. ಮುಂದಿನ ಸಾಲಿಗೂ ಕೇಳುವಂತೆ ಹೇಳಿದಳು.

“ನನ್ನ ಸಲುವಾಗೇ ಅಂದ್ರಲ್ಲಾ. ನನ್ನ ಕೈ ಇಲ್ಲೇ ಅದ. ಕೈ ಕೂಡೇ ಒಡೀರಿ.”

ಸಾಹೇಬರು ಚಪ್ಪಾಳೆ ತಟ್ಟಿದರು.

ಅವರು ತಟ್ಟಿದ್ದರಿಂದ ಹಿಂದಿನವರು ತಟ್ಟಿದರು. ಎಲ್ಲರೂ ತಟ್ಟಿದ್ದರಿಂದ ಗೌಡನೂ ತಟ್ಟಿದ. ಗುರಣ್ಣ ಹಾರೆ ಕೆಳಗಿಟ್ಟ. ಹಣಮವ್ವ ಮೇಲುಗಲ್ಲನ್ನು ಎತ್ತಿ, ಕೂಸನ್ನು ಎತ್ತುವಂತೆ ಟೊಂಕದ ಮೇಲೆ ಕೂರಿಸಿಕೊಂಡು, ಕಟ್ಟೆಯ ಮುಂದಿನ ಮೆಟ್ಟಿಲುಗಳಿಂದ ಇಳಿದಳು. ಗೀರಿನಿಂದ ಕೆಮ್ಮಣ್ಣು ಉದುರಿ ಅವಳ ಸೀರೆಯ ಮೇಲೆ ಇಳಿಯಿತು. ಕೆಳಗಲ್ಲು ಭಾರ, ಒಬ್ಬಳಿಗೆ ಎತ್ತಲಾಗದು. ಅದು ಅಲ್ಲೇ ಉಳಿಯಿತು. ಅವಳು ನಡುವಿನಿಂದ ಹಾದು ಹೋಗುವಾಗ ಗಂಡಸರು ಚಪ್ಪಾಳೆ ನಿಲ್ಲಿಸಿ, ಧೋತರ ಎಳೆದುಕೊಂಡು ದಾರಿ ಬಿಟ್ಟು, ಮತ್ತೆ ತಟ್ಟಿದರು.

*

ಕೊನೆಯ ದೃಶ್ಯ ಬಹಳ ಅರ್ಥಪೂರ್ಣವಾಗಿತ್ತೆಂದು ಸಾಹೇಬರು ಭಾಷಣದಲ್ಲಿ ಹೇಳಿದರಂತೆ. ಶೋಷಿತ ಹೆಣ್ಣನ್ನೇ ವೇದಿಕೆಗೆ ಕರೆತಂದ ಧೈರ್ಯಕ್ಕೆ ಗುರಣ್ಣನ ಕೊರಳಿಗೆ ಹಾರ ಹಾಕಿದರಂತೆ. ಜೀಪು ಊರ ಗಡಿ ದಾಟಿದ ಕೂಡಲೇ ಕಟ್ಟೆಯನ್ನು ಗಂಜಲ ಹಾಕಿ ತೊಳೆದರು. ಮರುದಿನ ಗುರಣ್ಣ ನರೋಣಾದ ಬಸ್ಸು ಹಿಡಿದು ಹೊರಟುಹೋದ. ಗುಲ್ಬರ್ಗದಲ್ಲಿ ಮತ್ತೆ ಆಡುವಾಗ ಆ ದೃಶ್ಯವನ್ನು ಹಾಗೇ ಇಡುತ್ತಾನಂತೆ. ಹಣಮವ್ವನ ಪಾತ್ರಕ್ಕೆ ಹಾಸ್ಟೆಲಿನ ಒಬ್ಬ ಹುಡುಗನನ್ನು ಗೊತ್ತುಮಾಡಿಕೊಂಡಿದ್ದಾನಂತೆ.

ಸುದ್ದಿಯನ್ನೆಲ್ಲ ತಂದವಳು ಪ್ಯಾರಿಬಿ. ಗೌಡನ ಮಾತನ್ನೂ ಅವಳೇ ತಂದಳು. ಮೇಲುಗಲ್ಲು ಹೊತ್ತು ತಂದು, ವಾಡೆಯ ಬಾಗಿಲಿಗೆ ಅಡ್ಡ ಬಿದ್ದರೆ ಸರಿ. ಇಲ್ಲದಿದ್ದರೆ ಕೆಳಗಲ್ಲನ್ನು ಬಚ್ಚಲಲ್ಲಿ ಕಾಲು ತಿಕ್ಕುವ ಕಲ್ಲು ಮಾಡುತ್ತೇನೆ. ಹೊಲಗೇರಿಯಿಂದ ಇನ್ನು ಯಾರೂ ನನ್ನ ಕೊಟ್ಟಿಗೆಗೆ ಬರುವುದು ಬೇಡ.

“ಏನ್ ಹೇಳ್ಲಿ ಬುವಾ?”

ಹಣಮವ್ವ ಗುಡಿಸಲ ಮುಂದೆ ಮೇಲುಗಲ್ಲು ಇಟ್ಟುಕೊಂಡು ಕುಳಿತಿದ್ದಳು. ಗೀರಿನಲ್ಲಿ ಉಳಿದ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದಳು. ಆಡುಗಳು ಖಾಲಿ ಬುಟ್ಟಿಯಲ್ಲಿ ಮುಖ ಹಾಕಿ ಒದರುತ್ತಿದ್ದವು.

“ಕೆಳಗಿಂದು ನನ್ನ ಬಾಗಲಿಗಿ ಹೊರಿಸಿ ಕಳಸು ಅನ್ನು,” ಎಂದಳು.

ತೊಗರಿ ಹದಕ್ಕೆ ಬಂದು ವಾಡೆಯ ಅಂಗಳದಲ್ಲಿ ಬಿದ್ದಿತ್ತು. ಪೇಟೆಯ ಗಾಡಿ ಬರುವುದಿತ್ತು. ಹೊಸ ಕಲ್ಲು ಕಡಿದುಕೊಡಲು ಖಂಡಪ್ಪನನ್ನು ಕರೆಸಿದರು. ಅವನು ಉಳಿ ಸಿಗುತ್ತಿಲ್ಲ ಎಂದು ಹೇಳಿ, ಅದೇ ದಿನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಫಜಲಪುರದ ಕಡೆ ಹೊರಟುಹೋದ. ಪ್ಯಾರಿಬಿ ಬೀಸುತ್ತೇನೆಂದರೂ ಒಳಗಿನ ಕಲ್ಲನ್ನು ಮುಟ್ಟುವಂತಿರಲಿಲ್ಲ. ಅದು ಪೂಜೆಯ ಕಲ್ಲು. ಮನೆಯ ಮುತ್ತೈದೆಯರನ್ನು ಬಿಟ್ಟು ಬೇರೆಯವರ ಕೈ ತಾಗಬಾರದು. ಹಾಗೆಂದು ಗೌರಾಬಾಯಿಯೇ ಹೇಳಿದ್ದಳು.

ಎರಡು ದಿನದ ಮೇಲೆ, ಬೆಳಿಗ್ಗೆ, ಹೊಲಗೇರಿಗೂ ವಾಡೆಗೂ ನಡುವಿನ ಹಳ್ಳದ ಆಚೆಯಿಂದ, ವಾಡೆಯ ಹಿತ್ತಲಿನ ಕಡೆಯಿಂದ ಕಲ್ಲಿನ ಸದ್ದು ಬಂತು. ಒಮ್ಮೆ ಜೋರು, ಒಮ್ಮೆ ನಿಂತಂತೆ, ಮತ್ತೆ ಜೋರು. ಪ್ಯಾರಿಬಿ ನೀರಿನ ಕೊಡ ಇಳಿಸಿ ಕಿವಿಗೊಟ್ಟಳು.

“ಗೌಡಸಾನಿ ಬೀಸಾಕತ್ತಾಳ. ಪ್ಯಾಟಿ ತೊಗರಿ ಪೂರಾ. ನಿನ್ನಿ ನೋಡ್ದೆ, ಅಂಗೈ ಬೊಬ್ಬಿ ಎದ್ದು ನೀರ ಸುರೀತಿತ್ತು. ಅಲ್ಲಾ, ಆಕೀಗಿ ಹಾಡರೆ ಬರ್ತದೇನ?”

“ಬೀಸ್ತಾ ಬೀಸ್ತಾ ಬರ್ತದ,” ಎಂದಳು ಹಣಮವ್ವ.

ಬಂತೂ. ಕಲ್ಲಿನ ಸದ್ದಿನ ಕೆಳಗೆ ಒಂದು ಸಣ್ಣ ದನಿ, ಹಾಡೋ ನರಳಿಕೆಯೋ ತಿಳಿಯದಂಥದು, ತಡವರಿಸುತ್ತ ಎದ್ದಿತು. ಅದರ ಹಿಂದೆಯೇ ಗೌಡನ ದನಿ.

“ಬಾಯಿ ಮುಚ್ಚಿ ಬೀಸ ಬೇ.”

ಸಣ್ಣ ದನಿ ನಿಂತಿತು. ಕಲ್ಲು ನಿಲ್ಲಲಿಲ್ಲ.

ಹಣಮವ್ವ ಮೇಲುಗಲ್ಲನ್ನು ಬರಿ ನೆಲದ ಮೇಲೆ ಇಟ್ಟು ಗೂಟ ಹಿಡಿದಳು. ಕೊಟ್ಟಿಗೆಯಲ್ಲಿ ಅಂದು ನಿಲ್ಲಿಸಿದ ಹಾಡನ್ನು ನಿಲ್ಲಿಸಿದಲ್ಲಿಂದಲೇ ಎತ್ತಿದಳು, ಹಳ್ಳ ದಾಟಿ ಕೇಳುವಷ್ಟು ಗಟ್ಟಿಯಾಗಿ. ಕಲ್ಲು ತಿರುಗಿತು. ಕೆಳಗೆ ಹಿಡಿಯಲು ಕೆಳಗಲ್ಲು ಇರಲಿಲ್ಲ. ಅಂಚಿನಿಂದ ಒಣ ಮಣ್ಣು ಮಾತ್ರ ನುಣ್ಣಗೆ ಹೊರಬಿತ್ತು. ಆಡುಗಳು ಬಂದು ಮೂಸಿ ನೋಡಿ, ಹಿಂದೆ ಸರಿದು ನಿಂತವು.